ಕಾರಿಗೆ ಮೊದಲ ಪಾಲಿಶ್ ಮಷಿನ್: ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಮುಂದೆ ನಿಲ್ಲಿಸಿಕೊಂಡು ಕಾರಿಗೆ ತಾವೇ ಪಾಲಿಶ್ ಹೊಡೆಯಬೇಕು ಅನ್ನುವವರು ನಮ್ಮ ಕಡೆ ಈಗ ಜಾಸ್ತಿ ಆಗಿದ್ದಾರೆ. ಗದಗ, ಹಾವೇರಿಯಿಂದಲೂ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಇರುತ್ತವೆ. ಅವಸರದಲ್ಲಿ ಇರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಡ್ಯುಯಲ್ ಆಕ್ಷನ್ ಮಷಿನ್ ತಗೊಳ್ಳಿ, ವೈರ್ ಇರುವುದು, 5 ಇಂಚಿನ ಪ್ಲೇಟ್‌ನದು (ಪ್ಲೇಟ್ ಅಥವಾ ಬ್ಯಾಕಿಂಗ್ ಪ್ಲೇಟ್ ಅಂದರೆ ಪಾಲಿಶ್ ಪ್ಯಾಡ್ ಅಂಟಿಸುವ ತಟ್ಟೆ). ಮಷಿನ್‌ನಲ್ಲಿ ಉಳಿದ ದುಡ್ಡನ್ನು ಪ್ಯಾಡ್‌ಗೆ ಹಾಕಿ. ಯಾಕೆ ಅಂತ ತಿಳಿಯಬೇಕಾದವರು ಮುಂದೆ ಓದಿ.

ನನಗೆ ನಿಜವಾಗಿಯೂ ಮಷಿನ್ ಬೇಕಾ?

ಕಾರು ಚೆನ್ನಾಗಿ ತೊಳೆದು, ಒಣಗಿಸಿ, ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಹಿಡಿಯಿರಿ. ಬೆಳಕಿನ ಸುತ್ತ ಜೇಡರ ಬಲೆಯಂತೆ ಸಣ್ಣ ಗೀರುಗಳು ಕಂಡರೆ ಮಷಿನ್‌ಗೆ ಕೆಲಸ ಇದೆ. ಗೀರು ಕಾಣದೆ ಬಣ್ಣ ಬರೀ ಮಂಕಾಗಿದ್ದರೆ ಕ್ಲೇ ಬಾರ್ (ಬಣ್ಣಕ್ಕೆ ಅಂಟಿದ ಕೊಳೆ ಎಳೆಯುವ ಮೆತ್ತನೆ ಮುದ್ದೆ) ಹಾಕಿ ಉಜ್ಜಿ, ಮೇಲೆ ವ್ಯಾಕ್ಸ್ ಹಚ್ಚಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಆಳವಾದ ಗೀರಿದ್ದರೆ ಅದರ ಮೇಲೆ ಅಡ್ಡಡ್ಡ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಆ ಗೀರು ಯಾವ ಪಾಲಿಶ್‌ಗೂ ಪೂರ್ತಿ ಹೋಗುವುದಿಲ್ಲ. ಅದು ಪೇಂಟಿಂಗ್ ಶೆಡ್ಡಿನ ಕೆಲಸ. ಆ ಒಂದು ಗೀರಿಗೋಸ್ಕರ ಮಷಿನ್ ತರುವುದು ದಂಡ.

ಈ ಜೇಡರ ಬಲೆ ಗೀರು ಬರುವುದಾದರೂ ಎಲ್ಲಿಂದ?

ಬೆಳಗ್ಗೆ ಎದ್ದು ಒಣ ಬಟ್ಟೆಯಲ್ಲಿ ಕಾರು ಒರೆಸುತ್ತೇವಲ್ಲ, ಅಲ್ಲಿಂದ. ನಮ್ಮಲ್ಲಿ ಧೂಳು ಎಷ್ಟು ಅಂತ ನಿಮಗೇ ಗೊತ್ತು. ನವಲಗುಂದ, ಅಣ್ಣಿಗೇರಿ, ಗದಗದ ಕಡೆ ಎರೆ ಮಣ್ಣು, ಕಲಘಟಗಿ ಕಡೆ ಕೆಂಪು ಮಣ್ಣು. ಊರೊಳಗೆ ರಸ್ತೆ ಅಗೆದ ಧೂಳು ಬೇರೆ. ಧೂಳಿನಲ್ಲಿ ಸಣ್ಣ ಮರಳಿನ ಕಣ ಇರುತ್ತದೆ. ನೀರಿಲ್ಲದೆ ಬಟ್ಟೆ ಎಳೆದಾಗ ಆ ಕಣವೇ ಬಣ್ಣವನ್ನು ಗೀಚುತ್ತದೆ. ಅದರಲ್ಲೂ ಆ ಬಟ್ಟೆ ಹಳೆ ಬನಿಯನ್ ಆಗಿದ್ದು, ಅದೇ ಬನಿಯನ್ ಟೈರಿಗೂ ಓಡಾಡಿದ್ದರೆ ಕೇಳಲೇಬೇಡಿ.

ಈ ಅಭ್ಯಾಸ ಬಿಡದೆ ಮಷಿನ್ ತಂದರೆ ಪ್ರಯೋಜನ ಇಲ್ಲ. ಇವತ್ತು ಪಾಲಿಶ್ ಮಾಡಿದ್ದು ಎರಡು ತಿಂಗಳಲ್ಲಿ ಮೊದಲಿನ ಸ್ಥಿತಿಗೇ ಬರುತ್ತದೆ.

ರೋಟರಿ, ಡಿಎ ಅಂತಾರಲ್ಲ, ಏನು ವ್ಯತ್ಯಾಸ?

ರೋಟರಿ ಮಷಿನ್‌ನ ಪ್ಯಾಡ್ ಒಂದೇ ನಡುಬಿಂದುವಿನ ಸುತ್ತ ಗರಗರ ತಿರುಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 600ರಿಂದ 3000 ಸುತ್ತು. ಮೋಟರ್‌ನ ಬಲ ಎಲ್ಲಾ ನೇರ ಬಣ್ಣಕ್ಕೆ ಹೋಗುತ್ತದೆ. ಕೆಲಸ ಬೇಗ ಆಗುತ್ತದೆ, ಬಿಸಿಯೂ ಬೇಗ ಏರುತ್ತದೆ.

ಡಿಎ ಅಂದರೆ ಡ್ಯುಯಲ್ ಆಕ್ಷನ್. ಇದರ ಪ್ಯಾಡ್ ತಾನೂ ತಿರುಗುತ್ತದೆ, ಜೊತೆಗೆ ಸಣ್ಣ ವೃತ್ತದಲ್ಲಿ ಓಲಾಡುತ್ತದೆ. ಬುಗುರಿ ತಾನು ತಿರುಗುತ್ತಲೇ ನೆಲದ ಮೇಲೆ ಸುತ್ತು ಹಾಕುವುದಿಲ್ಲವೇ, ಹಾಗೆ. ಒಂದೇ ಕಡೆ ಒಂದೇ ದಿಕ್ಕಿನ ಉಜ್ಜಾಟ ಬೀಳದ ಕಾರಣ ಬಿಸಿ ಹಂಚಿಹೋಗುತ್ತದೆ. ಇನ್ನೊಂದು ಮುಖ್ಯ ವಿಷಯ: ನೀವು ಜಾಸ್ತಿ ಒತ್ತಿದರೆ, ಅಥವಾ ಅಂಚಿನ ಮೇಲೆ ಪ್ಯಾಡ್ ವಾಲಿದರೆ, ತಿರುಗುವುದು ತಾನಾಗಿ ನಿಂತುಬಿಡುತ್ತದೆ. ಬರೀ ನಡುಗುತ್ತಾ ಇರುತ್ತದೆ. ಕಲಿಯುವವರನ್ನು ಕಾಪಾಡುವುದು ಇದೇ ಗುಣ.

ಆದರೆ ಶೆಡ್ಡಿನವರೆಲ್ಲ ರೋಟರಿಯನ್ನೇ ಹಿಡಿಯುತ್ತಾರಲ್ಲ?

ಹಿಡಿಯುತ್ತಾರೆ. ಅವರ ಕೈಗೆ ವರ್ಷಗಟ್ಟಲೆ ಅಭ್ಯಾಸ ಇದೆ. ಹೊಸದಾಗಿ ಪೇಂಟ್ ಹೊಡೆದು, ವಾಟರ್ ಪೇಪರ್ ಉಜ್ಜಿದ ಮೇಲೆ ಆ ಗುರುತು ತೆಗೆಯಲು ರೋಟರಿಯಷ್ಟು ಚುರುಕು ಬೇರೆ ಇಲ್ಲ. ದಿನಕ್ಕೆ ನಾಲ್ಕು ಗಾಡಿ ಹೊರಗೆ ಕಳಿಸಬೇಕಾದವರ ಲೆಕ್ಕ ಬೇರೆ, ವರ್ಷಕ್ಕೊಮ್ಮೆ ಸ್ವಂತ ಕಾರು ಪಾಲಿಶ್ ಮಾಡುವವರ ಲೆಕ್ಕ ಬೇರೆ.

ಕೈ ಕೂಡದವರು ರೋಟರಿ ಹಿಡಿದರೆ ಎರಡು ತೊಂದರೆ. ಒಂದು, ಬಿಸಿಲಿನಲ್ಲಿ ನೋಡಿದಾಗ ಬಣ್ಣದ ಮೇಲೆ ಬಿಲ್ಲಿನಾಕಾರದ ನೆರಳು ಹೊರಳಾಡುತ್ತದೆ. ಇದಕ್ಕೆ ಹೊಲೊಗ್ರಾಮ್ ಅಂತಾರೆ. ಕಪ್ಪು ಕಾರಾದರೆ ಬೀದಿಯ ಆ ತುದಿಯಿಂದಲೇ ಕಾಣುತ್ತದೆ. ಎರಡು, ಬಾನೆಟ್‌ನ ಮಡಿಕೆ ಗೆರೆ, ಬಾಗಿಲಿನ ಅಂಚು, ಬಂಪರ್ ಮೂಲೆಯಲ್ಲಿ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಸುಟ್ಟು ಹೋಗಬಹುದು. ಮೊದಲನೆಯದನ್ನು ಡಿಎಯಿಂದ ಸರಿ ಮಾಡಬಹುದು. ಎರಡನೆಯದಕ್ಕೆ ಪೇಂಟರ್ ಬಿಟ್ಟರೆ ಗತಿಯಿಲ್ಲ.

ಮನೆಯಲ್ಲಿ ಆ್ಯಂಗಲ್ ಗ್ರೈಂಡರ್ ಇದೆ. ಅದಕ್ಕೇ ಉಣ್ಣೆ ಪ್ಯಾಡ್ ಹಾಕಿದರೆ?

ಬೇಡ. ಖಂಡಿತಾ ಬೇಡ. ಕಬ್ಬಿಣ ಕತ್ತರಿಸುವ 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಪಾಲಿಶ್‌ಗೆ ರೋಟರಿಯಲ್ಲೂ 1000-1800 ಸಾಕು. ಗ್ರೈಂಡರ್‌ನ ವೇಗಕ್ಕೆ ಬಣ್ಣ ಕ್ಷಣಾರ್ಧದಲ್ಲಿ ಹೋಗುತ್ತದೆ, ಪ್ಯಾಡ್ ಕಿತ್ತು ಮುಖಕ್ಕೆ ಹಾರಿದರೂ ಆಶ್ಚರ್ಯ ಇಲ್ಲ. ಅಂಗಡಿಯಲ್ಲಿ ಅದಕ್ಕೆ ಹೊಂದುವ ಪ್ಯಾಡ್ ಸಿಗುತ್ತದೆ ಅನ್ನುವುದು ಸಮಾಧಾನದ ಮಾತಲ್ಲ.

ಡ್ರಿಲ್ ಮಷಿನ್‌ಗೆ ಹಾಕುವ ಪ್ಯಾಡ್?

ಹೆಡ್‌ಲೈಟ್ ಹಳದಿ ತೆಗೆಯಲು ಪರವಾಗಿಲ್ಲ. ಇಡೀ ಕಾರಿಗೆ ಅಲ್ಲ.

8 ಎಂಎಂ, 15 ಎಂಎಂ, 21 ಎಂಎಂ ಅಂತ ಬರೆದಿರುತ್ತಾರೆ. ಏನದು?

ಪ್ಯಾಡ್ ಓಲಾಡುವ ವೃತ್ತದ ಅಗಲ. ಇದನ್ನು ಥ್ರೋ ಅಂತಾರೆ. ಸಂಖ್ಯೆ ದೊಡ್ಡದಾದಷ್ಟು ಒಂದು ಸುತ್ತಿಗೆ ಜಾಸ್ತಿ ಜಾಗ ಉಜ್ಜುತ್ತದೆ.

8 ಎಂಎಂ ಮಷಿನ್ ಅಗ್ಗ, ಹಿಡಿತಕ್ಕೆ ಸುಲಭ. ಬಾಗಿದ ಜಾಗದಲ್ಲಿ ಅಷ್ಟು ಬೇಗ ನಿಲ್ಲುವುದಿಲ್ಲ. ಕೆಲಸ ನಿಧಾನ, ಅಷ್ಟೇ. 15 ಎಂಎಂ ನಡುವಿನ ದಾರಿ. 21 ಎಂಎಂ ಬಾನೆಟ್, ರೂಫ್‌ನಂಥ ಅಗಲ ಸಪಾಟು ಜಾಗಕ್ಕೆ ಬಹಳ ಚೆನ್ನ. ಆದರೆ ನಮ್ಮ ರಸ್ತೆಯಲ್ಲಿ ಓಡುವುದು ಹೆಚ್ಚಾಗಿ ಸಣ್ಣ ಹ್ಯಾಚ್‌ಬ್ಯಾಕ್, ಕಾಂಪ್ಯಾಕ್ಟ್ ಎಸ್‌ಯುವಿ. ಬಾಗಿಲಿನ ತುಂಬ ಗೆರೆ, ಉಬ್ಬು, ತಗ್ಗು. ಅಲ್ಲಿ 21ರ ಪ್ಯಾಡ್ ಮೇಲಿಂದ ಮೇಲೆ ನಿಲ್ಲುತ್ತದೆ. ನನ್ನ ಮತ 8 ಅಥವಾ 15ಕ್ಕೆ. ಎರಡರಲ್ಲಿ ಯಾವುದು ಅಂದರೆ, ಬಜೆಟ್ ಒಪ್ಪಿದರೆ 15.

ಕೆಲವರು ಮರಗೆಲಸದ ಆರ್ಬಿಟಲ್ ಸ್ಯಾಂಡರ್ ತೋರಿಸಿ "ಇದೂ ಅದೇ ಅಲ್ವಾ?" ಅಂತಾರೆ. ನೋಡಲು ಹಾಗೇ ಇದೆ. ಆದರೆ ಅದರ ಓಲಾಟ ಬಹಳ ಚಿಕ್ಕದು, ಸಾಮಾನ್ಯವಾಗಿ 5 ಎಂಎಂ ಒಳಗೆ. ಸ್ಪಾಂಜ್ ಪ್ಯಾಡ್ ಹಾಕಿದರೆ ಆ ಓಲಾಟವನ್ನು ಸ್ಪಾಂಜೇ ನುಂಗಿಬಿಡುತ್ತದೆ.

ಫೋರ್ಸ್ಡ್ ರೊಟೇಶನ್ ಅಂತ ಇನ್ನೊಂದು ಇದೆಯಲ್ಲ?

ಇದರಲ್ಲಿ ಓಲಾಟದ ಜೊತೆ ತಿರುಗುವುದನ್ನೂ ಗೇರ್ ನಡೆಸುತ್ತದೆ. ಒತ್ತಿದರೂ ನಿಲ್ಲುವುದಿಲ್ಲ. ಜರ್ಮನಿಯ ಫ್ಲೆಕ್ಸ್ ಕಂಪನಿಯ ಎಕ್ಸ್‌ಸಿ 3401 ಈ ಜಾತಿಯಲ್ಲಿ ಹೆಸರಾದದ್ದು. ಒಳ್ಳೆ ಮಷಿನ್. ಆದರೆ ನಿಲ್ಲದೆ ಇರುವುದೇ ಕಲಿಯುವವರಿಗೆ ಅಪಾಯ. ಎರಡನೇ ಮಷಿನ್ ಆಗಿ ತಗೊಳ್ಳಿ.

ಎಷ್ಟು ವ್ಯಾಟ್ ಇರಬೇಕು? ಮನೆಯ ಪ್ಲಗ್ ತಡೆಯುತ್ತದಾ?

600ರಿಂದ 900 ವ್ಯಾಟ್ ಸಾಕು. 230 ವೋಲ್ಟ್‌ನಲ್ಲಿ 900 ವ್ಯಾಟ್ ಅಂದರೆ ಸುಮಾರು 4 ಆಂಪಿಯರ್. ಸಾಮಾನ್ಯ 6 ಆಂಪಿಯರ್ ಪ್ಲಗ್ ಆರಾಮಾಗಿ ತಡೆಯುತ್ತದೆ. ತೊಂದರೆ ಕೊಡುವುದು ಎಕ್ಸ್‌ಟೆನ್ಶನ್ ಬಾಕ್ಸ್. ಟಿವಿಗೆ, ಮೊಬೈಲ್ ಚಾರ್ಜರ್‌ಗೆ ತಂದ ತೆಳು ವೈರಿನದನ್ನು ಅಂಗಳಕ್ಕೆ ಎಳೆಯಬೇಡಿ. 1.5 ಚದರ ಎಂಎಂ ತಾಮ್ರದ ವೈರಿನದು, ಅರ್ಥಿಂಗ್ ಇರುವುದು ಮಾಡಿಸಿಕೊಳ್ಳಿ. ಪರಿಚಯದ ಎಲೆಕ್ಟ್ರಿಷಿಯನ್ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ.

ವ್ಯಾಟ್‌ಗಿಂತ ಮುಖ್ಯ ಎರಡಿವೆ. ವೇಗ ಬದಲಿಸುವ ಡಯಲ್ ಇರಬೇಕು, ಸಾಮಾನ್ಯವಾಗಿ 1ರಿಂದ 6ರ ತನಕ ಇರುತ್ತದೆ. ಸಾಫ್ಟ್ ಸ್ಟಾರ್ಟ್ ಇರಬೇಕು. ಅದು ಇಲ್ಲದಿದ್ದರೆ ಬಟನ್ ಒತ್ತಿದ ತಕ್ಷಣ ಮಷಿನ್ ಜಿಗಿಯುತ್ತದೆ, ಪ್ಯಾಡ್ ಮೇಲಿನ ಕಾಂಪೌಂಡ್ (ಗೀರು ಉಜ್ಜಿ ತೆಗೆಯುವ ಪೇಸ್ಟ್) ಎಲ್ಲಾ ನಿಮ್ಮ ಅಂಗಿಯ ಮೇಲೆ.

ಕರೆಂಟ್ ಹೋದರೆ?

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕು. ಬಹಳ ಮಷಿನ್‌ಗಳಲ್ಲಿ ಬಟನ್ ಲಾಕ್ ಇರುತ್ತದೆ, ಒಮ್ಮೆ ಒತ್ತಿದರೆ ಬೆರಳು ತೆಗೆದರೂ ಓಡುತ್ತದೆ. ಬೇಸಿಗೆಯಲ್ಲಿ ಹೆಸ್ಕಾಂ ಕರೆಂಟ್ ಹೋಯಿತು ಅಂತ ಲಾಕ್ ಬಿಡಿಸದೆ ಮಷಿನ್ ಅನ್ನು ರೂಫ್ ಮೇಲೆ ಇಟ್ಟು ಚಹಾ ಕುಡಿಯಲು ಹೋದಿರಿ ಅಂತ ಇಟ್ಟುಕೊಳ್ಳಿ. ಕರೆಂಟ್ ಬಂದ ಕೂಡಲೇ ಅದು ತಾನೇ ಶುರುವಾಗಿ ಕಾರಿನ ಮೇಲೆಲ್ಲ ಕುಣಿದು ಕೆಳಗೆ ಬೀಳುತ್ತದೆ. ಕೆಲವು ಮಷಿನ್‌ಗಳಲ್ಲಿ ಹಾಗೆ ಶುರುವಾಗದಂತೆ ತಡೆ ಇರುತ್ತದೆ. ಅಂಗಡಿಯಲ್ಲಿ ಕೇಳಿ. ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣವೇ ಪ್ಲಗ್ ಕಿತ್ತುಬಿಡಿ.

ಬ್ಯಾಟರಿ ಮಷಿನ್ ಹೇಗೆ?

ವೈರ್ ಕಾಟ ಇಲ್ಲ, ಅದು ನಿಜ. ಆದರೆ ಪಾಲಿಶ್ ಕೆಲಸ ಬ್ಯಾಟರಿಯನ್ನು ಗಬಗಬ ತಿನ್ನುತ್ತದೆ. ಇಡೀ ಕಾರು ಮುಗಿಸಲು ಒಂದು ಬ್ಯಾಟರಿ ಸಾಲುವುದಿಲ್ಲ. ಮಷಿನ್ ಜೊತೆ ಎರಡು-ಮೂರು ಬ್ಯಾಟರಿ, ಚಾರ್ಜರ್ ಅಂತ ಕೂಡಿಸಿದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಅದೇ ಕಂಪನಿಯ ಡ್ರಿಲ್, ಬ್ಯಾಟರಿ ಆಗಲೇ ನಿಮ್ಮ ಹತ್ತಿರ ಇದ್ದರೆ ಯೋಚನೆ ಮಾಡಬಹುದು.

ಯಾವ ಕಂಪನಿ? ಎಷ್ಟು ಖರ್ಚು?

ಮೇಲ್ಮಟ್ಟದಲ್ಲಿ ಇಟಲಿಯ ರೂಪೆಸ್ ಇದೆ. ಅದರ ಬಿಗ್‌ಫುಟ್ ಸಾಲಿನ ಎಲ್‌ಎಚ್‌ಆರ್ 15, ಎಲ್‌ಎಚ್‌ಆರ್ 21 ವೃತ್ತಿಯವರ ಮೆಚ್ಚಿನವು. ಹೆಸರಿನಲ್ಲಿರುವ ಅಂಕಿಯೇ ಥ್ರೋ. ಬೆಲೆ ಐದಂಕಿ. ವರ್ಷಕ್ಕೆ ಒಂದು-ಎರಡು ಕಾರು ಮಾಡುವವರಿಗೆ ಇದು ಸುಮ್ನೆ ಶೋಕಿ. ಬಾಷ್, ಮಕಿಟಾ, ಡಿವಾಲ್ಟ್‌ನವರ ಪಾಲಿಶರ್ ಅಂತ ನಮ್ಮ ಅಂಗಡಿಗಳಲ್ಲಿ ಸಿಗುವುದು ಬಹುತೇಕ ರೋಟರಿ. ಬಾಳಿಕೆ ಚೆನ್ನಾಗಿದೆ, ಆದರೆ ಹೆಸರು ನೋಡಿ ಮರುಳಾಗಿ ಬೇರೆ ಜಾತಿಯ ಮಷಿನ್ ತರಬೇಡಿ. ಮಕಿಟಾದ ಪಿಒ5000ಸಿ ಮಾತ್ರ ಬೇರೆ, ಅದು ಓಲಾಡುವ ಮಷಿನ್.

ಉಳಿದದ್ದು ನಾಲ್ಕಂಕಿಯಲ್ಲಿ ಸಿಗುವ ಡಿಎಗಳು. ಇವುಗಳಲ್ಲಿ ಹೆಸರಿಗಿಂತ ನಾಲ್ಕು ವಿಷಯ ನೋಡಿ: ಕಾರ್ಬನ್ ಬ್ರಷ್ (ಮೋಟರ್‌ನೊಳಗೆ ಸವೆಯುವ ಸಣ್ಣ ಇದ್ದಿಲ ತುಂಡು) ಬೇರೆಯಾಗಿ ಸಿಗುತ್ತದಾ, ಬ್ಯಾಕಿಂಗ್ ಪ್ಲೇಟ್ ಬೇರೆಯಾಗಿ ಸಿಗುತ್ತದಾ, ವೈರ್ ಕನಿಷ್ಠ 4 ಮೀಟರ್ ಇದೆಯಾ, ಖಾಲಿ ಓಡಿಸಿದಾಗ ಕೈ ಜುಮ್ಮೆನ್ನುತ್ತದಾ. ಕೊನೆಯದು ದೊಡ್ಡ ಪರೀಕ್ಷೆ. ಒಂದು ಕಾರು ಮುಗಿಸಲು ನಾಲ್ಕೈದು ಗಂಟೆ ಬೇಕು. ಮಷಿನ್ ಎರಡರಿಂದ ಮೂರು ಕೆಜಿ ತೂಗುತ್ತದೆ. ನಡುಕ ಜಾಸ್ತಿ ಇದ್ದರೆ ಮರುದಿನ ರೊಟ್ಟಿ ಮುರಿಯಲೂ ಕೈ ಏಳುವುದಿಲ್ಲ.

ಆನ್‌ಲೈನ್‌ನಲ್ಲಿ ತರಿಸಲಾ, ಹುಬ್ಬಳ್ಳಿಯಲ್ಲೇ ತಗೊಳ್ಳಲಾ?

ಡಿಎ ಆಯ್ಕೆ ಆನ್‌ಲೈನ್‌ನಲ್ಲೇ ಜಾಸ್ತಿ. ಅಂಗಡಿಯಲ್ಲಿ ಕೈಗೆ ಹಿಡಿದು ನೋಡಬಹುದು, ಕೆಟ್ಟರೆ ವಾಪಸ್ ಒಯ್ಯಲು ಒಂದು ಜಾಗ ಇರುತ್ತದೆ. ಬೆಲೆಯಲ್ಲಿ ಸ್ವಲ್ಪವೇ ಫರಕಿದ್ದರೆ ಅಂಗಡಿಗೇ ಹೋಗಿ, ಬಿಲ್ ಹಾಕಿಸಿಕೊಳ್ಳಿ. ಒಬ್ಬ ಅಂಗಡಿಯವರು ನನಗೆ ರೋಟರಿ ಡಬ್ಬಿಯನ್ನೇ ಮುಂದಿಟ್ಟು "ಇದೇ ಡಿಎ ಸರ, ತಗೊಂಡು ಹೋಗ್ರಿ" ಅಂದಿದ್ದರು. ಹಾಗಾಗಿ ಪ್ಲೇಟನ್ನು ಕೈಯಿಂದ ಅಲುಗಾಡಿಸಿ ನೋಡಿ. ಡಿಎ ಆದರೆ ಪ್ಲೇಟ್‌ನ ನಡು ಮಷಿನ್‌ನ ನಡುವಿನಿಂದ ಒಂದು ಪಕ್ಕಕ್ಕೆ ಸರಿದಿರುತ್ತದೆ, ಕೈಯಲ್ಲಿ ಸಲೀಸಾಗಿ ತಿರುಗುತ್ತದೆ.

ಅಮೆರಿಕದಲ್ಲಿರುವ ಅಣ್ಣ, ಅಳಿಯ ತಂದುಕೊಡುತ್ತೇನೆ ಅಂದರೆ ಮೊದಲು ವೋಲ್ಟ್ ಕೇಳಿ. ಅಲ್ಲಿನದು 120 ವೋಲ್ಟ್. ಇಲ್ಲಿ ನೇರ ಹಾಕಿದರೆ ಸುಟ್ಟುಹೋಗುತ್ತದೆ. ಪ್ಲೇಟ್‌ನ ತಿರುಪಿನ ಅಳತೆಯೂ ಬೇರೆ ಇರಬಹುದು, ಹಾಗಿದ್ದರೆ ಇಲ್ಲಿನ ಪ್ಲೇಟ್ ಕೂಡುವುದಿಲ್ಲ.

ಪ್ಯಾಡ್ ಎಷ್ಟು ಬೇಕು, ಯಾವುದು?

ದುಡ್ಡು ಉಳಿಸಬಾರದ ಜಾಗ ಇದು. ಮಷಿನ್ ಬರೀ ತಿರುಗಿಸುತ್ತದೆ. ಗೀರು ತೆಗೆಯುವುದು ಪ್ಯಾಡ್ ಮತ್ತು ಕಾಂಪೌಂಡ್.

ಸ್ಪಾಂಜ್‌ನಲ್ಲಿ ಗಟ್ಟಿ, ಮಧ್ಯಮ, ಮೆತ್ತಗೆ ಅಂತ ಮೂರು ಬಗೆ. ಬಣ್ಣ ನೋಡಿ ಆರಿಸಬೇಡಿ. ಒಂದು ಕಂಪನಿಯ ಹಳದಿ ಗಟ್ಟಿ, ಇನ್ನೊಂದರ ಹಳದಿ ಮಧ್ಯಮ. ಮೊದಲ ಸಲಕ್ಕೆ ಮಧ್ಯಮದ್ದು ನಾಲ್ಕು, ಮೆತ್ತಗಿನದು ಎರಡು, ಗಟ್ಟಿ ಒಂದೆರಡು ತಗೊಳ್ಳಿ. ಒಂದೇ ಪ್ಯಾಡ್‌ನಲ್ಲಿ ಇಡೀ ಕಾರು ಮುಗಿಸಲು ಹೋದರೆ ಅದು ಕಾಂಪೌಂಡ್ ಹೀರಿ ಒದ್ದೆಯಾಗಿ, ಬಿಸಿಯಾಗಿ, ಹಿಂದಿನ ವೆಲ್ಕ್ರೊ ಕಿತ್ತು ಬರುತ್ತದೆ. ಒಂದು ಬಾಗಿಲು ಆದಮೇಲೆ ಪ್ಯಾಡನ್ನು ಬ್ರಷ್‌ನಿಂದ ಉಜ್ಜಿ ಪುಡಿ ತೆಗೆಯಿರಿ. ಎರಡು-ಮೂರು ಭಾಗಕ್ಕೆ ಒಮ್ಮೆ ಪ್ಯಾಡ್ ಬದಲಿಸಿ.

5 ಇಂಚಿನ ಪ್ಲೇಟ್‌ಗೆ ಐದೂವರೆ ಇಂಚಿನ ಪ್ಯಾಡ್ ಸರಿ. ಪ್ಯಾಡ್ ಪ್ಲೇಟ್‌ಗಿಂತ ಸ್ವಲ್ಪ ದೊಡ್ಡದಿರಲೇಬೇಕು. ಇಲ್ಲದಿದ್ದರೆ ಪ್ಲೇಟ್‌ನ ಗಟ್ಟಿ ಅಂಚು ಬಣ್ಣಕ್ಕೆ ತಾಗುತ್ತದೆ. ಉಣ್ಣೆ ಪ್ಯಾಡ್ ಸದ್ಯಕ್ಕೆ ಬೇಡ.

ಕಾಂಪೌಂಡ್?

ಒಂದು ಮಧ್ಯಮ ಕಾಂಪೌಂಡ್, ಒಂದು ಫಿನಿಶಿಂಗ್ ಪಾಲಿಶ್ (ಕಾಂಪೌಂಡ್‌ಗಿಂತ ನುಣುಪಾದ ಪೇಸ್ಟ್). 3ಎಂ, ಮೆಗ್ವಯರ್ಸ್, ಮೆಂಜೆರ್ನಾ ಯಾವುದಾದರೂ ನಡೆಯುತ್ತದೆ. ಮೊದಲು ಯಾವಾಗಲೂ ಮೆತ್ತಗಿನ ಪ್ಯಾಡ್, ಫಿನಿಶಿಂಗ್ ಪಾಲಿಶ್‌ನಿಂದ ಶುರು ಮಾಡಿ. ಅದಕ್ಕೆ ಗೀರು ಹೋದರೆ ಮುಗಿಯಿತು. ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಗಟ್ಟಿ ಕಡೆಗೆ ಹೋಗಿ.

ಅಗ್ಗದ ಕೆಲವು ಪಾಲಿಶ್‌ನಲ್ಲಿ ಎಣ್ಣೆ, ಫಿಲ್ಲರ್ ಜಾಸ್ತಿ. ಗೀರಿನೊಳಗೆ ಅದು ತುಂಬಿಕೊಂಡು ಕಾರು ಫಳಫಳ ಅನ್ನುತ್ತದೆ. ನಾಲ್ಕು ಸಲ ತೊಳೆದ ಮೇಲೆ ಗೀರು ಮತ್ತೆ ಪ್ರತ್ಯಕ್ಷ. ನಿಜ ತಿಳಿಯಬೇಕಾದರೆ ಪಾಲಿಶ್ ಆದಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಟಾರ್ಚ್ ಬಿಟ್ಟು ನೋಡಿ.

ಬಣ್ಣ ತೆಳ್ಳಗಾಗುವುದಿಲ್ಲವಾ?

ಆಗುತ್ತದೆ. ಪಾಲಿಶ್ ಅಂದರೆ ಗೀರಿನ ಸುತ್ತಲಿನ ಕ್ಲಿಯರ್ ಕೋಟ್ ಅನ್ನು ಗೀರಿನ ತಳದ ಮಟ್ಟಕ್ಕೆ ಇಳಿಸುವುದು. ಕಂಪನಿಯಿಂದ ಬಂದ ಕಾರಿನ ಬಣ್ಣ ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 35ರಿಂದ 50. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್, ಲೆಕ್ಕ ಹಾಕಿಕೊಳ್ಳಿ. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಈ ಪದರವೇ. ಅದಕ್ಕೇ ಪ್ರತಿ ಗೀರನ್ನೂ ಬೆನ್ನಟ್ಟಬೇಡಿ. ನಾಲ್ಕು ಅಡಿ ದೂರದಿಂದ ಕಾಣದ ಗೀರು ಅಲ್ಲೇ ಇರಲಿ.

ರಿಪೇಂಟ್ ಆದ ಬಾಗಿಲು, ಬಂಪರ್?

ಎಚ್ಚರ ಬೇಕು. ಒಳಗೆ ಪುಟ್ಟಿ ಎಷ್ಟಿದೆ, ಮೇಲೆ ಕ್ಲಿಯರ್ ಎಷ್ಟಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಹಳೆಯ ಕಾರು ಕೊಂಡವರು ಇದನ್ನು ಮರೆಯಬೇಡಿ. ಬಂಪರ್ ಪ್ಲಾಸ್ಟಿಕ್, ಬಿಸಿ ಬೇಗ ಇಳಿಯುವುದಿಲ್ಲ. ವೇಗ ಕಡಿಮೆ ಇಡಿ.

ಮೊದಲು ಎಲ್ಲಿ ಕಲಿಯಲಿ?

ಗುಜರಿಯಲ್ಲಿ ಒಂದು ಹಳೆ ಬಾನೆಟ್ ಅಥವಾ ಬಾಗಿಲು ತನ್ನಿ. ಗಾಢ ಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೆಯದು, ತಪ್ಪು ಚೆನ್ನಾಗಿ ಕಾಣುತ್ತದೆ. ಕಟ್ಟೆಯ ಮೇಲೆ ಇಟ್ಟುಕೊಂಡು ಒಂದು ಭಾನುವಾರ ಅಭ್ಯಾಸ ಮಾಡಿ.

ಒಂದೂವರೆ ಅಡಿ ಚೌಕ ಗುರುತು ಮಾಡಿಕೊಳ್ಳಿ. ಪ್ಯಾಡ್ ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ. ಮಷಿನ್ ಶುರು ಮಾಡುವ ಮೊದಲೇ ಪ್ಯಾಡನ್ನು ಬಣ್ಣದ ಮೇಲೆ ಇಡಿ. 1ರಲ್ಲಿ ಹರಡಿ, ಆಮೇಲೆ 4 ಅಥವಾ 5ಕ್ಕೆ ಏರಿಸಿ. ಕೈ ನಿಧಾನ, ಸೆಕೆಂಡಿಗೆ ಒಂದು ಇಂಚಿನಷ್ಟು. ಒಮ್ಮೆ ಅಡ್ಡ, ಒಮ್ಮೆ ಉದ್ದ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ನಾಲ್ಕರಿಂದ ಆರು ಸುತ್ತು. ಒರೆಸಿ ನೋಡಿ.

ಒಂದು ಸಣ್ಣ ಉಪಾಯ. ಬ್ಯಾಕಿಂಗ್ ಪ್ಲೇಟ್‌ನ ಪಕ್ಕಕ್ಕೆ ಮಾರ್ಕರ್ ಪೆನ್‌ನಲ್ಲಿ ಒಂದು ದಪ್ಪ ಕಪ್ಪು ಗೆರೆ ಹಾಕಿ. ಪ್ಯಾಡ್ ತಿರುಗುತ್ತಿದ್ದರೆ ಗೆರೆ ಮಸುಕಾಗಿ ಮಾಯವಾಗುತ್ತದೆ. ಗೆರೆ ಸ್ಪಷ್ಟವಾಗಿ ಕಂಡರೆ ಪ್ಯಾಡ್ ನಿಂತಿದೆ, ಕೆಲಸ ಆಗುತ್ತಿಲ್ಲ ಅಂತ ಅರ್ಥ. ಒತ್ತುವುದು ಕಡಿಮೆ ಮಾಡಿ, ಅಥವಾ ಪ್ಯಾಡನ್ನು ಸಪಾಟಾಗಿ ಹಿಡಿಯಿರಿ. ನಿಮ್ಮ ತೋಳು ಎಲ್ಲಿ ವಾಲುತ್ತಿದೆ ಅಂತ ಆ ಗೆರೆ ನೋಡುತ್ತಲೇ ಗೊತ್ತಾಗುತ್ತದೆ. ಬಾಯಿಂದ ಎಷ್ಟು ಹೇಳಿದರೂ ಇಷ್ಟು ಬೇಗ ತಲೆಗೆ ಹೋಗುವುದಿಲ್ಲ.

ಯಾವ ಹೊತ್ತಿನಲ್ಲಿ ಮಾಡಬೇಕು? ನೀರಿನದೇ ಸಮಸ್ಯೆ.

ನೆರಳಲ್ಲಿ, ಬಾನೆಟ್ ಮುಟ್ಟಿದರೆ ತಣ್ಣಗಿರುವಾಗ. ಏಪ್ರಿಲ್‌ನಲ್ಲಿ ಬೆಳಗ್ಗೆ ಆರಕ್ಕೆ ಶುರು ಮಾಡಿ ಹತ್ತಕ್ಕೆ ನಿಲ್ಲಿಸಿ. ಬಿಸಿ ಬಾನೆಟ್ ಮೇಲೆ ಕಾಂಪೌಂಡ್ ಒಣಗಿ ಅಂಟಿಕೊಳ್ಳುತ್ತದೆ. ಬೇವಿನ ಮರದ ಕೆಳಗೆ ಬೇಡ, ಎಲೆ-ಹೂವು ಉದುರಿ ಪ್ಯಾಡ್ ಕೆಳಗೆ ಸಿಗುತ್ತದೆ. ಗಾಳಿ ಬೀಸುವ ದಿನವೂ ಬೇಡ.

ನಲ್ಲಿ ನೀರು ಬಂದ ದಿನವೇ ಕಾರು ತೊಳೆಯುವ ಕೆಲಸ ಇಟ್ಟುಕೊಳ್ಳಿ. ಎರಡು ಬಕೆಟ್ ಸಾಕು, ಒಂದರಲ್ಲಿ ಶಾಂಪೂ, ಒಂದರಲ್ಲಿ ಬಟ್ಟೆ ಜಾಲಿಸುವ ನೀರು. ಬೋರ್‌ವೆಲ್ ಗಡಸು ನೀರಾದರೆ ಹನಿ ಒಣಗಲು ಬಿಡಬೇಡಿ, ಬಿಳಿ ಕಲೆ ಕೂಡುತ್ತದೆ. ಗದಗದವರಿಗೆ ಇದನ್ನು ಹೇಳಬೇಕಿಲ್ಲ.

ಆಯುಧ ಪೂಜೆಗೆ ಮುಂಚೆ ಮಾಡಿದರೆ ಚೆನ್ನ ಅಲ್ವಾ?

ಒಂದು ವಾರ ಮುಂಚೆ ಮಾಡಿ, ಮೇಲೆ ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚಿ. ಹಿಂದಿನ ರಾತ್ರಿ ಬೇಡ, ಅವಸರದಲ್ಲೇ ಅಂಚು ಸುಡುವುದು. ಪೂಜೆ ಆದಮೇಲೆ ಕುಂಕುಮ, ಅರಿಶಿನ, ನಿಂಬೆ ರಸ ಅದೇ ಸಂಜೆ ತೊಳೆಯಿರಿ. ಬಾಳೆ ಕಂದು ಕಟ್ಟಿದ್ದರೆ ಅದರ ರಸ ಇಳಿದ ಜಾಗ ನೋಡಿ, ಒಣಗಿದ ಮೇಲೆ ಆ ಕಲೆ ಬಹಳ ಹಟ ಮಾಡುತ್ತದೆ.

ಟ್ರ್ಯಾಕ್ಟರ್‌ಗೂ ಇದೇ ಮಷಿನ್ ನಡೆಯುತ್ತದಾ?

ನಡೆಯುತ್ತದೆ. ಮೊದಲು ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಮೂಲೆಯಲ್ಲಿ ಕೈಯಿಂದ ಉಜ್ಜಿ. ಬಟ್ಟೆಗೆ ಟ್ರ್ಯಾಕ್ಟರ್‌ನ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಕೋಟ್ ಇಲ್ಲ, ನೇರ ಬಣ್ಣವನ್ನೇ ಉಜ್ಜುತ್ತಿದ್ದೀರಿ. ಹಳೆಯ ಕೆಲವು ಕಾರುಗಳಲ್ಲೂ ಹೀಗೆ. ಹಾಗಿದ್ದರೆ ಪ್ಯಾಡ್‌ಗೆ ಬಣ್ಣ ಹತ್ತಿದ್ದು ನೋಡಿ ಗಾಬರಿ ಬೇಡ, ಆದರೆ ಕೈ ಹಗುರ ಇರಲಿ. ಆ ಪ್ಯಾಡನ್ನು ಮತ್ತೆ ಕಾರಿಗೆ ತರಬೇಡಿ.

ಹಾವೇರಿಯಲ್ಲಿ ಸಣ್ಣದಾಗಿ ಇದೇ ಕೆಲಸ ಶುರು ಮಾಡಬೇಕು. ಏನೇನು ತಗೊಳ್ಳಲಿ?

15 ಎಂಎಂ ಡಿಎ ಒಂದು, 3 ಇಂಚಿನ ಪ್ಲೇಟ್‌ನ ಸಣ್ಣ ಮಷಿನ್ ಒಂದು, ಬಣ್ಣದ ದಪ್ಪ ಅಳೆಯುವ ಗೇಜ್ ಒಂದು. ಗೇಜ್ ಇಲ್ಲದೆ ಬೇರೆಯವರ ಗಾಡಿ ಮುಟ್ಟಬೇಡಿ. ಗಿರಾಕಿ ಎದುರಿಗೇ ಅಳೆದು, ಮೊದಲಿದ್ದ ಗೀರುಗಳ ಫೋಟೊ ತೆಗೆದುಕೊಂಡರೆ ಆಮೇಲೆ ಜಗಳ ಇರುವುದಿಲ್ಲ. ರೋಟರಿ ಎರಡನೇ ವರ್ಷಕ್ಕೆ ನೋಡಿ. ಮಾಸ್ಕ್, ಕನ್ನಡಕ ಹಾಕಿಕೊಳ್ಳಿ, ಪಾಲಿಶ್ ಪುಡಿ ದಿನವಿಡೀ ಮೂಗಿಗೆ ಹೋಗುವುದು ಒಳ್ಳೆಯದಲ್ಲ. ವೈರನ್ನು ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಬಿಡಿ, ಬಣ್ಣದ ಮೇಲೆ ಎಳೆದಾಡಬಾರದು.

ಸೆಕೆಂಡ್ ಹ್ಯಾಂಡ್ ಮಷಿನ್ ತಗೊಳ್ಳಬಹುದಾ?

ತಗೊಳ್ಳಬಹುದು, ಕರೆಂಟ್ ಹಾಕಿ ನೋಡಿದ ಮೇಲೆ. ಐದು ನಿಮಿಷ ಬಿಡದೆ ಓಡಿಸಿ. ಗಾಳಿ ಬರುವ ಕಿಂಡಿಯಲ್ಲಿ ಕಿಡಿ ಜಾಸ್ತಿ ಕಂಡರೆ ಬ್ರಷ್ ಸವೆದಿರಬಹುದು, ಅದು ಸಣ್ಣ ಖರ್ಚು. ಸುಟ್ಟ ವಾಸನೆ ಬಂದರೆ ವೈಂಡಿಂಗ್ ಹೋಗಿದೆ, ಬಿಟ್ಟುಬಿಡಿ. ಡಯಲ್‌ನ ಪ್ರತಿ ಅಂಕಿಗೂ ವೇಗ ಬದಲಾಗುತ್ತದಾ ಕೇಳಿಸಿಕೊಳ್ಳಿ. ಪ್ಲೇಟ್ ಕಟಕಟ ಅಂದರೆ ಬೇರಿಂಗ್ ಕೆಲಸ ಇದೆ, ರಿವೈಂಡಿಂಗ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ, ಅಷ್ಟು ಬೆಲೆ ಇಳಿಸಿ ಕೇಳಿ. ಹಳೆ ಪ್ಯಾಡ್ ಪುಕ್ಕಟೆ ಕೊಡುತ್ತೇನೆ ಅಂದರೂ ತರಬೇಡಿ. ಅದರೊಳಗೆ ಯಾರ ಕಾರಿನ ಮರಳು ಕೂತಿದೆಯೋ ಗೊತ್ತಿಲ್ಲ.